ಪ್ರಭಾರದ ಕುರ್ಚಿಯೋ, ಅರ್ಧಕ್ಕೆ ಬಿಟ್ಟ ಪಿಎಚ್‌.ಡಿ.ಯೋ?

ಪ್ರಶ್ನೆ: ನನಗೆ 47 ವರ್ಷ. 2009ರಲ್ಲಿ ಸರ್ಕಾರಿ ಪದವಿ ಕಾಲೇಜಿಗೆ ಇತಿಹಾಸ ಉಪನ್ಯಾಸಕಿಯಾಗಿ ಸೇರಿದೆ. ಮನೆ ಹಾಸನದಲ್ಲಿ, ಕಾಲೇಜು ಪಕ್ಕದ ತಾಲ್ಲೂಕಿನಲ್ಲಿ. ಮಗಳು ಹುಟ್ಟಿದ ವರ್ಷ 'ಹೊಯ್ಸಳರ ಆಡಳಿತ' ಎಂಬ ವಿಷಯದ ಪಿಎಚ್‌.ಡಿ. ಅರ್ಧಕ್ಕೆ ಬಿಟ್ಟಿದ್ದೆ. ನನ್ನ ಜೊತೆ ಸೇರಿದವರು ಎಷ್ಟೋ ಜನ ಅಸೋಸಿಯೇಟ್ ಪ್ರೊಫೆಸರ್ ಆದರು, ನಾನು ನಿಂತಲ್ಲೇ ನಿಂತಿದ್ದೇನೆ. ಈಗ ನಮ್ಮ ಪ್ರಾಂಶುಪಾಲರು ನಿವೃತ್ತರಾಗುತ್ತಿದ್ದಾರೆ. ಪ್ರಭಾರ ವಹಿಸಿಕೊಳ್ಳುತ್ತೀರಾ ಎಂದು ಕೇಳಿದ್ದಾರೆ. ನನಗೆ ಮತ್ತೆ ಪಿಎಚ್‌.ಡಿ. ಮಾಡುವ ಆಸೆ. ಆದರೆ ಬಡ್ತಿಗೋಸ್ಕರ ಓದುತ್ತಿದ್ದೇನಾ ಎಂದು ನಾಚಿಕೆಯಾಗುತ್ತದೆ. ಮಗಳು ಎರಡನೇ ಪಿಯುಸಿ. ಅತ್ತೆಗೆ ಹುಷಾರಿಲ್ಲ. ಯಜಮಾನರು, "ಈ ವಯಸ್ಸಲ್ಲಿ ಯಾಕೆ? ಇನ್ನು 13 ವರ್ಷ ಹೀಗೇ ಕಳೆದುಬಿಡು" ಅನ್ನುತ್ತಾರೆ. ಏನು ಮಾಡಲಿ?
– ಹೆಸರು ಬೇಡ, ಹಾಸನ

ಮೇಡಂ, ಮೊದಲು ಆ ನಾಚಿಕೆಯನ್ನು ಪಕ್ಕಕ್ಕಿಡೋಣ. ಬಡ್ತಿ ಬೇಕು ಅನ್ನುವುದರಲ್ಲಿ ತಪ್ಪೇನಿದೆ? 16 ವರ್ಷ ಪಾಠ ಮಾಡಿದ್ದೀರಿ. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2018ರ ನಿಯಮದಲ್ಲಿ 12ನೇ ವೇತನ ಹಂತದಿಂದ 13ಎ ಹಂತಕ್ಕೆ, ಅಂದರೆ ಅಸೋಸಿಯೇಟ್ ಪ್ರೊಫೆಸರ್ ಆಗಲು, ಪಿಎಚ್‌.ಡಿ. ಬೇಕೇ ಬೇಕು. ನಿಮ್ಮ ದಾರಿ ಕಟ್ಟಿರುವುದು ಅಲ್ಲಿ. ಅದು ನಿಮ್ಮ ಪಾಠದ ಗುಣಕ್ಕೆ ಯಾರೋ ಕೊಟ್ಟ ಅಂಕ ಅಲ್ಲ. 2006ರ ಏಪ್ರಿಲ್ ನಂತರ ಸೇರಿದ ನಿಮಗೆ ಎನ್‌ಪಿಎಸ್, ಅಂದರೆ ಹೊಸ ಪಿಂಚಣಿ ಯೋಜನೆ. ಹಳೆಯ ಪಿಂಚಣಿಯ ಭದ್ರತೆ ಇಲ್ಲ. ಈಗಿನ ಸಂಬಳದಿಂದ ಕೂಡಿಟ್ಟಿದ್ದೇ ಮುಂದಿನ ಊಟ. ಮನೆಯಲ್ಲಿ ಈ ಲೆಕ್ಕವನ್ನು ಧೈರ್ಯವಾಗಿ ಹೇಳಿ.

ಇನ್ನು ವಯಸ್ಸು. 2022ರ ಪಿಎಚ್‌.ಡಿ. ನಿಯಮದ ಪ್ರಕಾರ ಕೋರ್ಸ್‌ವರ್ಕ್ (ಸಂಶೋಧನೆಗೆ ಮೊದಲು ಕೂರಬೇಕಾದ ತರಗತಿಗಳು) ಸೇರಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿ ಮಾಡಿಸಿಕೊಂಡರೆ ಮತ್ತೆ 2 ವರ್ಷ. ಹೆಣ್ಣುಮಕ್ಕಳಿಗೆ ಅದರ ಮೇಲೆ ಇನ್ನೂ 2 ವರ್ಷದ ಸಡಿಲಿಕೆ ಇದೆ. ಕೆಲಸದಲ್ಲಿದ್ದುಕೊಂಡೇ ಪಾರ್ಟ್‌ಟೈಮ್ ಮಾಡಬಹುದು. ಆರು ವರ್ಷ ತೆಗೆದುಕೊಂಡರೂ ನಿಮಗೆ 53. ಆಮೇಲೆ ಏಳು ವರ್ಷ ಸರ್ವಿಸ್ ಇರುತ್ತದೆ. ಏಳು ವರ್ಷ ಕಮ್ಮಿ ಅಲ್ಲ.

ಈಗ ಕುರ್ಚಿಯ ವಿಷಯ. ಒಪ್ಪಬೇಡಿ. ಇದನ್ನು ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಪ್ರಭಾರ ಪ್ರಾಂಶುಪಾಲರ ದಿನ ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಅಡ್ಮಿಷನ್, ಯುಯುಸಿಎಂಎಸ್ ಎಂಬ ಆನ್‌ಲೈನ್ ವ್ಯವಸ್ಥೆಯ ಕೆಲಸ, ಅತಿಥಿ ಉಪನ್ಯಾಸಕರ ಗೌರವಧನದ ಬಿಲ್ಲು, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್‌ನ ಕಡತ, ಸೋರುವ ಮಾಳಿಗೆ. ಎಲ್ಲವೂ ಬೇಕಾದ ಕೆಲಸವೇ, ಯಾರಾದರೂ ಮಾಡಲೇಬೇಕು. ಆದರೆ ಅದರ ಜೊತೆಗೆ ಹುಷಾರಿಲ್ಲದ ಅತ್ತೆ, ಅದರ ಜೊತೆಗೆ ಸಂಶೋಧನೆ ಅಂದರೆ ಮೂರನೆಯದು ಮತ್ತೆ ಅರ್ಧಕ್ಕೆ ನಿಲ್ಲುತ್ತದೆ. ಎರಡನೇ ಸಲ ನಿಂತರೆ ನೀವು ಅದನ್ನು ಮುಟ್ಟುವುದೇ ಇಲ್ಲ.

ಗೈಡ್, ಅಂದರೆ ಸಂಶೋಧನಾ ಮಾರ್ಗದರ್ಶಕರ ವಿಷಯದಲ್ಲಿ ಮಾತ್ರ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಏಕೆಂದರೆ ಅಲ್ಲಿ ನಾನೇ ಎಡವಿದವಳು. ನಾನು ನೋಂದಾಯಿಸಿದಾಗ ನನಗೆ 45. ದೊಡ್ಡ ಹೆಸರಿನವರು ಅಂತ ಒಬ್ಬ ಹಿರಿಯರ ಬಳಿ ಸೇರಿದೆ. ಅವರಿಗೆ ನಿವೃತ್ತಿ ಹತ್ತಿರ ಇದೆಯಾ ಅಂತ ಕೇಳುವುದಕ್ಕೆ ಸಂಕೋಚ. ನಡುವೆಯೇ ಅವರು ನಿವೃತ್ತರಾದರು. ಇನ್ನೊಬ್ಬರು ಸಿಗುವ ಹೊತ್ತಿಗೆ ಎರಡು ವರ್ಷ ಹೋಯಿತು. ಆ ಎರಡು ವರ್ಷ ಈಗಲೂ ಹೊಟ್ಟೆ ಉರಿಸುತ್ತದೆ. ಈಗಿನ ನಿಯಮದಲ್ಲಿ ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಇರುವವರು ಹೊಸಬರನ್ನು ತೆಗೆದುಕೊಳ್ಳುವ ಹಾಗಿಲ್ಲ. ನೀವು ಅದಕ್ಕಿಂತ ಮುಂದೆ ಹೋಗಿ, ಹತ್ತು ವರ್ಷವಾದರೂ ಸರ್ವಿಸ್ ಇರುವವರನ್ನು ಹುಡುಕಿ. ನಿಮಗಿಂತ ಚಿಕ್ಕವರಾದರೂ ಚಿಂತೆ ಇಲ್ಲ. ಅವರ ಬಳಿ ಜಾಗ ಖಾಲಿ ಇದೆಯಾ ಕೇಳಿ: ಪ್ರೊಫೆಸರ್ ಒಂದು ಸಮಯಕ್ಕೆ 8 ಜನ, ಅಸೋಸಿಯೇಟ್ 6, ಅಸಿಸ್ಟೆಂಟ್ 4 ಜನಕ್ಕೆ ಮಾತ್ರ ಮಾರ್ಗದರ್ಶನ ಮಾಡಬಹುದು. ಅವರ ಹಿಂದಿನ ವಿದ್ಯಾರ್ಥಿಗಳಿಗೆ ಫೋನ್ ಮಾಡಿ, ಅಧ್ಯಾಯ ಕೊಟ್ಟರೆ ಎಷ್ಟು ದಿನಕ್ಕೆ ಓದಿ ಕೊಡುತ್ತಾರೆ ಅಂತ ವಿಚಾರಿಸಿ. ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಹೇಮಗಂಗೋತ್ರಿ ಈಗ ಹಾಸನ ವಿಶ್ವವಿದ್ಯಾಲಯವಾಗಿದೆ, ಮನೆಯ ಹತ್ತಿರವೇ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಸುಮಾರು 120 ಕಿ.ಮೀ. ದೂರ. ಆದರೆ ಒಳ್ಳೆಯ ಗೈಡ್ ಮೈಸೂರಿನಲ್ಲಿ ಸಿಕ್ಕರೆ ಬಸ್ಸಿಗೆ ಹೆದರಬೇಡಿ.

ದುಡ್ಡು ಕೊಟ್ಟರೆ ಥೀಸಿಸ್ ಬರೆದುಕೊಡುತ್ತೇವೆ ಅನ್ನುವವರು ನಿಮ್ಮ ಹತ್ತಿರವೂ ಬರುತ್ತಾರೆ. ದಯವಿಟ್ಟು ಅವರ ಹತ್ತಿರ ಸುಳಿಯಬೇಡಿ. ನಕಲಿನ ಪ್ರಮಾಣ ನೂರಕ್ಕೆ 60 ದಾಟಿದರೆ ನೋಂದಣಿಯೇ ರದ್ದು. ಅದಕ್ಕಿಂತ ಹೆಚ್ಚಾಗಿ, ಕೆಲಸದ ಸಂತೋಷವನ್ನೇ ಅವರು ಕಸಿದುಕೊಳ್ಳುತ್ತಾರೆ.

ಹಳೆಯ ವಿಷಯ 'ಹೊಯ್ಸಳರ ಆಡಳಿತ' ಅಂತ ಬರೆದಿದ್ದೀರಿ. ಅದನ್ನು ಬಿಡಿ. ತುಂಬಾ ದೊಡ್ಡದು, ತುಂಬಾ ಜನ ಮಾಡಿದ್ದಾರೆ. ದಿನಾ ಬಸ್ಸಿನಲ್ಲಿ ಹೋಗುವ ದಾರಿಯಲ್ಲೇ ವಿಷಯ ಹುಡುಕಿ. ಹಾಸನ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 1902ರಲ್ಲಿ ಎಪಿಗ್ರಾಫಿಯ ಕರ್ನಾಟಿಕ ಎಂಬ ಶಾಸನಸಂಗ್ರಹದ 5ನೇ ಸಂಪುಟವಾಗಿ ತಂದರು. ತಾಲ್ಲೂಕು, ಊರು, ಕಲ್ಲು ಇದ್ದ ಜಾಗ, ಎಲ್ಲ ಅದರಲ್ಲಿದೆ. ನಿಮ್ಮ ಒಂದೇ ತಾಲ್ಲೂಕಿನ ವೀರಗಲ್ಲುಗಳನ್ನು ತೆಗೆದುಕೊಳ್ಳಿ. ತುರುಗಳನ್ನು ಬಿಡಿಸಿಕೊಳ್ಳಲು ಹೋಗಿ ಸತ್ತವರು ಯಾರು? ಕಲ್ಲು ನಿಲ್ಲಿಸಿದವರು ಯಾರು? ಆ ಕಲ್ಲು ಈಗಲೂ ಕೆರೆ ಏರಿಯ ಮೇಲಿದೆಯಾ, ಬಟ್ಟೆ ಒಗೆಯುವ ಕಲ್ಲಾಗಿದೆಯಾ, ರಸ್ತೆಯ ಕೆಳಗೆ ಹೋಯಿತಾ? ಇದನ್ನು ಲೈಬ್ರರಿಯಲ್ಲಿ ಕೂತು ಬರೆಯಲು ಆಗುವುದಿಲ್ಲ. ಊರಿನ ಅಜ್ಜಿಯ ಹತ್ತಿರ ಮಾತಾಡಲು ಬರಬೇಕು. ಆ ಊರುಗಳಿಂದಲೇ ನಿಮ್ಮ ವಿದ್ಯಾರ್ಥಿಗಳು ಬರುತ್ತಾರೆ ಅಲ್ವಾ? ನಿಮಗಿರುವ ಈ ಬಲ 25ರ ಸಂಶೋಧಕನಿಗಿಲ್ಲ.

ಎಲ್ಲ ಆಗಿಹೋಗಿದೆ ಅಂತಲೂ ಅಂದುಕೊಳ್ಳಬೇಡಿ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಕಲ್ಲು ರೈಸ್ ಅವರ ಸಂಪುಟದಲ್ಲಿ ಇರಲಿಲ್ಲ. ಪುರಾತತ್ವಜ್ಞ ಎಂ.ಎಚ್. ಕೃಷ್ಣ ಅವರು ಅದನ್ನು ಗುರುತಿಸಿದ್ದು 1936ರಲ್ಲಿ. ಕನ್ನಡದ ಅಷ್ಟು ಹಳೆಯ ಶಾಸನ ಊರಿನ ಜನರ ಕಣ್ಣೆದುರೇ ಇತ್ತು.

ಮಗಳ ಪರೀಕ್ಷೆ ಮುಗಿಯಲಿ ಅಂತ ಕಾಯುವುದು ಬೇಡ. ವಿಶ್ವವಿದ್ಯಾಲಯದ ಪ್ರವೇಶ ಪ್ರಕಟಣೆ, ಸಂದರ್ಶನ, ಕಾಗದಪತ್ರ ಇವೆಲ್ಲ ಆಗುವ ಹೊತ್ತಿಗೆ ಅವಳ ಪರೀಕ್ಷೆಯೂ ಮುಗಿದಿರುತ್ತದೆ. ಅತ್ತೆಯವರ ವಿಷಯ ಹಾಗಲ್ಲ, ಅದಕ್ಕೆ ಈಗಲೇ ಏರ್ಪಾಡು ಬೇಕು. ಯಜಮಾನರ ಹತ್ತಿರ ಒಪ್ಪಿಗೆ ಕೇಳಲು ಹೋಗಬೇಡಿ, ಸಹಾಯ ಕೇಳಿ. ಅದೂ ಬಿಡಿಸಿ ಕೇಳಿ: "ವಾರದಲ್ಲಿ ಎರಡು ಸಂಜೆ ಮತ್ತು ಭಾನುವಾರ ಮಧ್ಯಾಹ್ನದವರೆಗೆ ಅಮ್ಮನನ್ನು ನೀವು ನೋಡಿಕೊಳ್ಳಿ." ಅವರ ತಾಯಿ ಅಲ್ವಾ, ಒಪ್ಪುತ್ತಾರೆ. ಸುಮ್ನೆ 'ಸಪೋರ್ಟ್ ಮಾಡಿ' ಅಂದರೆ ಯಾರಿಗೂ ಏನು ಮಾಡಬೇಕು ಅಂತ ತಿಳಿಯುವುದಿಲ್ಲ.

ಪಾರ್ಟ್‌ಟೈಮ್ ಪಿಎಚ್‌.ಡಿ.ಗೆ ಇಲಾಖೆಯ ನಿರಾಕ್ಷೇಪಣಾ ಪತ್ರ ಬೇಕು. ಸಂಶೋಧನೆಗೆ ಸಮಯ ಸಿಗುತ್ತದೆ, ಅಗತ್ಯ ಬಿದ್ದರೆ ಕೋರ್ಸ್‌ವರ್ಕ್‌ಗೆ ಬಿಡುಗಡೆ ಮಾಡುತ್ತೇವೆ ಎಂಬ ಮಾತು ಅದರಲ್ಲಿ ಇರಲೇಬೇಕು. ಆ ಕಾಗದ ಕಚೇರಿಗಳ ನಡುವೆ ಓಡಾಡಲು ಸಮಯ ಹಿಡಿಯುತ್ತದೆ. ಈಗಿನ ಪ್ರಾಂಶುಪಾಲರಿಗೆ ನಿಮ್ಮ ಕೆಲಸ ಗೊತ್ತು, ಅವರ ಶಿಫಾರಸಿಗೆ ಬೆಲೆ ಇದೆ. ಅವರು ನಿವೃತ್ತರಾಗುವ ಮೊದಲೇ ಎರಡು ಅರ್ಜಿ ಬರೆದು ಅವರ ಕೈಗೆ ಕೊಡಿ. ಒಂದು ಪ್ರಭಾರ ಬೇಡ ಅಂತ, ಇನ್ನೊಂದು ಈ ಪತ್ರಕ್ಕೆ.