ಸೋಲಾರ್ ಕಡಿಮೆ ಕೊಡುತ್ತಿದೆಯಾ? ಪಕ್ಕದಲ್ಲೊಂದು ಪುಟ್ಟ ಪ್ಯಾನೆಲ್ ಇಡಿ

ಪ್ರಶ್ನೆ: ತುಮಕೂರಿನ ನಮ್ಮ ಮನೆ ತಾರಸಿಯಲ್ಲಿ 3 ಕಿಲೋವ್ಯಾಟ್ ಸೋಲಾರ್ ಇದೆ. ಏಪ್ರಿಲ್ ಮಧ್ಯಾಹ್ನವೂ ಇನ್ವರ್ಟರ್ 2.4 ದಾಟುವುದಿಲ್ಲ. ಪ್ಯಾನೆಲ್ ಕೆಟ್ಟಿದೆಯಾ? ಇಎಸ್‌ಪಿ32 ಬೋರ್ಡ್ (ವೈಫೈ ಇರುವ ಪುಟ್ಟ ಕಂಪ್ಯೂಟರ್) ಹಾಕಿ ನಾನೇ ನಿಗಾ ಇಡಬಹುದಾ?

ಉತ್ತರ: ಖಂಡಿತ ಇಡಬಹುದು. ಆದರೆ 2.4 ನೋಡಿ ಗಾಬರಿಯಾಗಬೇಡಿ. ಪ್ಯಾನೆಲ್ ಮೇಲೆ ಬರೆದಿರುವ ವ್ಯಾಟ್, ಅದರೊಳಗಿನ ಸೆಲ್ 25 ಡಿಗ್ರಿ ಇದ್ದು, ಚದರ ಮೀಟರಿಗೆ 1000 ವ್ಯಾಟ್ ಬಿಸಿಲು ಬಿದ್ದಾಗಿನ ಲೆಕ್ಕ. ನಮ್ಮ ಬೇಸಿಗೆಯಲ್ಲಿ ಸೆಲ್ 60 ಡಿಗ್ರಿ ಮುಟ್ಟುತ್ತದೆ. ಪ್ರತಿ ಡಿಗ್ರಿಗೆ ಸುಮಾರು ಶೇ 0.3ರಿಂದ 0.4 ಕಡಿಮೆಯಾಗುತ್ತದೆ. ಬರೀ ಕಾವಿಗೇ ಶೇ 10ರಿಂದ 14 ಹೋಯಿತು. ವೈರು, ಇನ್ವರ್ಟರ್, ಒಂದಿಷ್ಟು ಧೂಳು ಸೇರಿದರೆ 2.4 ಸಹಜವೇ.

ಹಾಗಾಗಿ ಸುಮ್ನೆ ವ್ಯಾಟ್ ಅಳೆದರೆ ಸಾಲದು. ಆ ಹೊತ್ತಿಗೆ ಬಿಸಿಲು ಎಷ್ಟಿತ್ತು ಎಂಬುದೂ ಬೇಕು. ಅದಕ್ಕೆ ದುಬಾರಿ ಉಪಕರಣ ಬೇಡ. 10 ವ್ಯಾಟಿನ ಪುಟ್ಟ ಪ್ಯಾನೆಲ್ ಒಂದನ್ನು ದೊಡ್ಡವುಗಳ ಪಕ್ಕ, ಅದೇ ಓರೆಯಲ್ಲಿ ಕೂರಿಸಿ. ಅದರ ಎರಡು ತಂತಿಗಳನ್ನು ಕರೆಂಟ್ ಅಳೆಯುವ ಐಎನ್‌ಎ219 ಸೆನ್ಸರ್ ಮೂಲಕ ಶಾರ್ಟ್ ಮಾಡಿ. ಹರಿಯುವ ಕರೆಂಟ್ ಬಿಸಿಲಿಗೆ ತಕ್ಕಂತೆ ಏರಿಳಿಯುತ್ತದೆ. ದೊಡ್ಡ ಪ್ಯಾನೆಲ್ ಹಿಂಬದಿಗೆ ಡಿಎಸ್18ಬಿ20 ತಾಪಮಾನ ಸೆನ್ಸರ್ ಅಂಟಿಸಿ. ಇನ್ವರ್ಟರ್‌ನಿಂದ ಹೊರಬರುವ ಎಸಿ ಲೈನಿಗೆ ವ್ಯಾಟ್, ವೋಲ್ಟೇಜ್ ಅಳೆಯುವ ಪಿಜೆಮ್-004ಟಿ ಮೀಟರ್ ಸಾಕು. ಇವೆಲ್ಲವನ್ನೂ ಇಎಸ್‌ಪಿ32 ಬೋರ್ಡಿಗೆ ಹಾಕುವ ಇಎಸ್‌ಪಿಹೋಮ್ ತಂತ್ರಾಂಶ ಓದುತ್ತದೆ. ಮನೆಯ ಕಂಪ್ಯೂಟರಿನಲ್ಲಿ ಓಡುವ ಹೋಮ್ ಅಸಿಸ್ಟೆಂಟ್ ತಂತ್ರಾಂಶ ಗ್ರಾಫ್ ತೋರಿಸುತ್ತದೆ. ಎರಡೂ ಓಪನ್ ಸೋರ್ಸ್, ಮಾಹಿತಿ ನಿಮ್ಮ ಮನೆಯಲ್ಲೇ ಉಳಿಯುತ್ತದೆ. ನನಗೆ ಇದು ದೊಡ್ಡ ವಿಷಯ: ಕಂಪನಿಯ ಸರ್ವರ್ ನಿಂತರೂ ನಿಮ್ಮ ಲೆಕ್ಕ ನಿಲ್ಲುವುದಿಲ್ಲ.

ಒಂದು ಮಾತು ದಯವಿಟ್ಟು ಕೇಳಿ. ಪ್ಯಾನೆಲ್‌ಗಳಿಂದ ಇನ್ವರ್ಟರ್‌ಗೆ ಬರುವ ಡಿಸಿ ತಂತಿಗೆ ಕೈ ಹಾಕಬೇಡಿ. ಅಲ್ಲಿ ನೂರಾರು ವೋಲ್ಟ್ ಇರಬಹುದು, ಬಿಸಿಲು ಇರುವವರೆಗೂ ಅದು ಆಫ್ ಆಗುವುದಿಲ್ಲ. ಎಸಿ ಮೀಟರನ್ನೂ ಎಲೆಕ್ಟ್ರಿಷಿಯನ್‌ನಿಂದಲೇ ಹಾಕಿಸಿ.

ಎಲ್ಲ ಪ್ಯಾನೆಲ್ ತೊಳೆದು, ಮೋಡವಿಲ್ಲದ ಮಧ್ಯಾಹ್ನ ಇನ್ವರ್ಟರ್ ಕೊಡುವ ವ್ಯಾಟನ್ನು ಪುಟ್ಟ ಪ್ಯಾನೆಲ್ಲಿನ ಕರೆಂಟಿನಿಂದ ಭಾಗಿಸಿ. ಆ ಅನುಪಾತವೇ ನಿಮ್ಮ ಅಳತೆಗೋಲು. ಆಮೇಲೆ ವಾರಕ್ಕೊಮ್ಮೆ ಪುಟ್ಟದ್ದನ್ನು ಮಾತ್ರ ಒರೆಸುತ್ತಿರಿ. ಸೆಲ್ ಅಷ್ಟೇ ಬಿಸಿ ಇರುವ ದಿನಗಳನ್ನೇ ಹೋಲಿಸಿ. ಅನುಪಾತ ಮೆಲ್ಲಗೆ ಇಳಿದರೆ ಧೂಳು, ತೊಳೆಯಿರಿ. ದಿನವೂ ಒಂದೇ ಹೊತ್ತಿಗೆ ಕುಸಿದರೆ ತೆಂಗಿನ ಮರದ್ದೋ ನೀರಿನ ಟ್ಯಾಂಕಿನದ್ದೋ ನೆರಳು. ಒಮ್ಮೆಲೇ ಕುಸಿದು ಮೇಲೇಳದಿದ್ದರೆ ಬೈಪಾಸ್ ಡಯೋಡ್ (ನೆರಳು ಬಿದ್ದ ಸೆಲ್‌ಗಳನ್ನು ಬಿಟ್ಟು ಕರೆಂಟಿಗೆ ಬೇರೆ ದಾರಿ ಕೊಡುವ ಭಾಗ) ಅಥವಾ ಕನೆಕ್ಟರ್ ಕೆಟ್ಟಿರಬಹುದು. ಆಗ ಟೆಕ್ನಿಷಿಯನ್ ಕರೆಸಿ.

ಉತ್ಪಾದನೆ ಪೂರ್ತಿ ಸೊನ್ನೆಯಾದರೆ ಮೊದಲು ವೋಲ್ಟೇಜ್ ಗ್ರಾಫ್ ನೋಡಿ. ಕರೆಂಟ್ ಹೋದಾಗ, ಊರಿನ ಲೈನಿಗೆ ಜೋಡಿಸಿದ ಗ್ರಿಡ್ ಇನ್ವರ್ಟರ್ ತಾನಾಗೇ ನಿಲ್ಲುತ್ತದೆ, ಅದು ಲೈನ್‌ಮನ್ ಸುರಕ್ಷತೆಗೆ. ಲೈನಿನ ವೋಲ್ಟೇಜ್ ಜಾಸ್ತಿಯಾದರೂ ನಿಲ್ಲುತ್ತದೆ. ಮಧ್ಯಾಹ್ನದ ಹೊತ್ತು ಪದೇ ಪದೇ ಹೀಗಾಗುತ್ತಿದ್ದರೆ ಪ್ಯಾನೆಲ್ ಬದಲಿಸಲು ಹೋಗಬೇಡಿ. ಆ ಗ್ರಾಫ್ ಪ್ರಿಂಟ್ ತೆಗೆದು ವಿದ್ಯುತ್ ಕಂಪನಿಯ ಸೆಕ್ಷನ್ ಆಫೀಸಿಗೆ ಅರ್ಜಿ ಕೊಡಿ.