ಪೇಟೆಂಟ್ ಮುಗಿದ ಮೇಲೂ ಔಷಧಿ ಏಕೆ ತಡ?

ಪ್ರಶ್ನೆ: ನನ್ನ ಪತ್ನಿಗೆ ರುಮಟಾಯ್ಡ್ ಸಂಧಿವಾತವಿದೆ. ಮೈಸೂರಿನ ವೈದ್ಯರ ಸಲಹೆಯಂತೆ ಎರಡು ವಾರಕ್ಕೊಮ್ಮೆ 40 ಮಿಲಿಗ್ರಾಂ ಅಡಾಲಿಮುಮಾಬ್ ಚುಚ್ಚುಮದ್ದು ಕೊಡಿಸುತ್ತಿದ್ದೇವೆ. ಅದು ಭಾರತೀಯ ಕಂಪನಿಯ ಬಯೋಸಿಮಿಲರ್, ಅಂದರೆ ಜೀವಕೋಶಗಳಿಂದ ತಯಾರಿಸುವ ಮೂಲ ಜೈವಿಕ ಔಷಧಿಯನ್ನು ಹೋಲುವ ಔಷಧಿ. ಅಮೆರಿಕದಲ್ಲಿರುವ ಅಣ್ಣನ ಮಗ, ಮೂಲ ಪೇಟೆಂಟ್ 2016ರಲ್ಲೇ ಮುಗಿದರೂ ಅಲ್ಲಿ ಬಯೋಸಿಮಿಲರ್ ಸಿಕ್ಕಿದ್ದು 2023ರಲ್ಲಿ ಎನ್ನುತ್ತಾನೆ. ಇಲ್ಲಿ ಬೇಗ, ಅಲ್ಲಿ ತಡ ಏಕೆ? ನಮ್ಮಲ್ಲಿ ಪರೀಕ್ಷೆ ಸಡಿಲವೇ?
– ಕಾಫಿ ಬೆಳೆಗಾರರು, ನಾಪೋಕ್ಲು

ಉತ್ತರ: ಅಮೆರಿಕದ ವಿಳಂಬಕ್ಕೆ ಪರೀಕ್ಷೆ ಕಾರಣವಲ್ಲ. ಆಮ್ಜೆನ್ ಕಂಪನಿಯ ಅಡಾಲಿಮುಮಾಬ್ ಬಯೋಸಿಮಿಲರ್‌ಗೆ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರ ಸೆಪ್ಟೆಂಬರ್‌ನಲ್ಲೇ ಅನುಮತಿ ನೀಡಿತ್ತು. ಮಾರಾಟ ಆರಂಭವಾದದ್ದು 2023ರ ಜನವರಿಯಲ್ಲಿ. ಮೂಲ ಔಷಧಿ ‘ಹ್ಯುಮಿರಾ’ದ ಒಡೆತನ ಹೊಂದಿರುವ ಆ್ಯಬ್‌ವೀ ಕಂಪನಿಯು ತಯಾರಿಕೆಯ ವಿಧಾನ, ದ್ರಾವಣದ ಮಿಶ್ರಣ, ಬಳಕೆಯ ಕ್ರಮ ಹೀಗೆ ಒಂದೊಂದಕ್ಕೂ ಬೇರೆ ಬೇರೆಯಾಗಿ ನೂರಕ್ಕೂ ಹೆಚ್ಚು ಪೇಟೆಂಟ್ ಪಡೆದಿತ್ತು. ತೋಟದ ಮುಖ್ಯ ಗೇಟು ತೆರೆದರೂ ಒಳಗಿನ ಪ್ರತಿ ಪಟ್ಟೆಗೂ ಪ್ರತ್ಯೇಕ ಬೇಲಿ ಇದ್ದಂತೆ. ಒಂದೊಂದನ್ನೂ ನ್ಯಾಯಾಲಯದಲ್ಲಿ ಪ್ರಶ್ನಿಸುತ್ತ ಕೂರುವುದಕ್ಕಿಂತ ರಾಜಿಯೇ ಲೇಸೆಂದು ಪ್ರತಿಸ್ಪರ್ಧಿಗಳು ಬಗೆದರು. ಅಮೆರಿಕಕ್ಕೆ 2023 ಎಂಬ ದಿನಾಂಕ ಹುಟ್ಟಿದ್ದು ಆ ರಾಜಿಗಳಿಂದ.

ನಿಮ್ಮ ಪತ್ನಿಯವರು ಪಡೆಯುತ್ತಿರುವ ‘ಎರಡು ವಾರಕ್ಕೊಮ್ಮೆ 40 ಮಿಲಿಗ್ರಾಂ’ ಎಂಬ ಕ್ರಮಕ್ಕೇ ಅಲ್ಲಿ ಒಂದು ಪೇಟೆಂಟ್ ಇತ್ತು! ಅದು ಊರ್ಜಿತವಲ್ಲವೆಂದು ಅಮೆರಿಕದ ಪೇಟೆಂಟ್ ಮಂಡಳಿಯೇ 2017ರಲ್ಲಿ ತೀರ್ಮಾನಿಸಿತಾದರೂ ಉಳಿದವು ಹಾಗೆಯೇ ಇದ್ದವು. ನಮ್ಮ ಪೇಟೆಂಟ್ ಕಾಯ್ದೆಯ ಕಲಂ 3(ಐ) ಚಿಕಿತ್ಸಾ ವಿಧಾನಕ್ಕೆ ಪೇಟೆಂಟನ್ನೇ ಕೊಡುವುದಿಲ್ಲ. ಹಳೆಯ ಪದಾರ್ಥದ ಹೊಸ ರೂಪಕ್ಕೆ ಹೆಚ್ಚಿನ ಪರಿಣಾಮ ಸಾಬೀತಾಗದೆ ಪೇಟೆಂಟ್ ಇಲ್ಲವೆನ್ನುತ್ತದೆ ಕಲಂ 3(ಡಿ). ಔಷಧಿಯೆಂಬ ಉತ್ಪನ್ನಕ್ಕೆ ಪೇಟೆಂಟ್ ಕೊಡುವ ಪದ್ಧತಿ ಇಲ್ಲಿ ಮರಳಿ ಬಂದದ್ದೇ 2005ರಲ್ಲಿ. ಇದಲ್ಲದೆ, ಪೇಟೆಂಟ್ ಇರಲಿ ಬಿಡಲಿ, ಜೈವಿಕ ಔಷಧಿಗೆ ಅನುಮತಿ ಸಿಕ್ಕ 12 ವರ್ಷಗಳವರೆಗೆ ಅದರ ಬಯೋಸಿಮಿಲರ್‌ಗೆ ಅನುಮತಿ ಕೊಡಬಾರದೆಂಬ ನಿಯಮ ಅಮೆರಿಕದಲ್ಲಿದೆ, ನಮ್ಮಲ್ಲಿ ಅಂಥದ್ದಿಲ್ಲ. ಝೈಡಸ್ ಕಂಪನಿ 2014ರ ಡಿಸೆಂಬರ್‌ನಲ್ಲೇ ಇಲ್ಲಿ ಅಡಾಲಿಮುಮಾಬ್ ಬಯೋಸಿಮಿಲರ್ ಮಾರಾಟಕ್ಕೆ ತಂದದ್ದು ಈ ಹಿನ್ನೆಲೆಯಲ್ಲಿ.

ಪರೀಕ್ಷೆಯ ವಿಷಯಕ್ಕೆ ಬಂದರೆ, ಮೂಲ ಔಷಧಿಯೊಡನೆ ಹೋಲಿಸಿ ನೋಡಬೇಕೆಂಬ ಮಾರ್ಗಸೂಚಿ ಇಲ್ಲಿಯೂ 2012ರಿಂದ ಇದ್ದು, 2016ರಲ್ಲಿ ಪರಿಷ್ಕೃತವಾಗಿದೆ. ಬ್ರ್ಯಾಂಡ್ ಬದಲಿಸುವುದಿದ್ದರೆ ಮಾತ್ರ ವೈದ್ಯರನ್ನು ಕೇಳಿಯೇ ಬದಲಿಸಿ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ನಿಮ್ಮ ಕಡೆ, ಚುಚ್ಚುಮದ್ದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುವುದೇ ಪೇಟೆಂಟಿಗಿಂತ ದೊಡ್ಡ ತಲೆನೋವಾಗಬಹುದು. ಅಂಗಡಿಯಿಂದ ಒಂದೊಂದಾಗಿಯೇ ತರುವುದು ಒಳಿತು.

ಪ್ರಶ್ನೆ: ಇಂಥ ಪೇಟೆಂಟ್ ಅರ್ಜಿಗಳನ್ನು ಸಾಮಾನ್ಯ ರೋಗಿಗಳು ವಿರೋಧಿಸಬಹುದೇ?
– ಓದುಗರು, ಸೋಮವಾರಪೇಟೆ

ಉತ್ತರ: ವಿರೋಧಿಸಬಹುದು. ಅರ್ಜಿ ಪ್ರಕಟವಾದ ಮೇಲೆ, ಪೇಟೆಂಟ್ ಮಂಜೂರಾಗುವ ಮುನ್ನ, ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಲು ಕಲಂ 25(1) ಅವಕಾಶ ಕೊಡುತ್ತದೆ. ಕ್ಷಯರೋಗದ ಬೆಡಾಕ್ವಿಲಿನ್ ಜೈವಿಕ ಔಷಧಿಯಲ್ಲವಾದರೂ ಉದಾಹರಣೆಗೆ ಸಲ್ಲುತ್ತದೆ: ಕ್ಷಯದಿಂದ ಗುಣಮುಖರಾದ ಇಬ್ಬರು ಮಹಿಳೆಯರ ಆಕ್ಷೇಪಣೆಯ ನಂತರ, ಅದರ ಏಕಸ್ವಾಮ್ಯವನ್ನು ಮುಂದುವರಿಸಬಹುದಾಗಿದ್ದ ಪೇಟೆಂಟ್ ಅರ್ಜಿ 2023ರ ಮಾರ್ಚ್‌ನಲ್ಲಿ ತಿರಸ್ಕೃತವಾಯಿತು. ಆದರೆ 2024ರ ನಿಯಮ ತಿದ್ದುಪಡಿಯಿಂದ ಆಕ್ಷೇಪಣೆಗೆ ಶುಲ್ಕ ಬಂದಿದೆ, ಅದು ವಿಚಾರಣೆಗೆ ಯೋಗ್ಯವೇ ಎಂಬುದನ್ನು ಮೊದಲೇ ತೀರ್ಮಾನಿಸುವ ಅಧಿಕಾರವೂ ಪೇಟೆಂಟ್ ನಿಯಂತ್ರಕರಿಗೆ ದೊರೆತಿದೆ. ರೋಗಿಗಳ ಪಾಲಿಗೆ ಇದು ಒಳ್ಳೆಯ ಬದಲಾವಣೆಯೆಂದು ನನಗನಿಸುವುದಿಲ್ಲ.