ಕುಡಿಯುವುದು ಮನೆಯಲ್ಲೇ, ಆದರೂ ಬೀಳುವುದೇಕೆ?

ಪ್ರಶ್ನೆ: ಡಾಕ್ಟರೇ, ನಮ್ಮ ತಂದೆಗೆ 63 ವರ್ಷ. ರಾತ್ರಿ ಊಟಕ್ಕೆ ಮುಂಚೆ ಮನೆಯಲ್ಲೇ ಎರಡು ಪೆಗ್ ವಿಸ್ಕಿ ಕುಡಿಯುವುದು ಮೊದಲಿನಿಂದಲೂ ಇರುವ ಅಭ್ಯಾಸ. ಗಲಾಟೆ ಇಲ್ಲ, ಕುಡಿದು ಗಾಡಿ ಓಡಿಸುವುದಿಲ್ಲ. ಹಾಗಾಗಿ ನಾವೂ ಸುಮ್ಮನಿದ್ದೆವು. ಆದರೆ ಈ ಆರು ತಿಂಗಳಲ್ಲಿ ಎರಡು ಸಲ ರಾತ್ರಿ ಎರಡು ಗಂಟೆ ಹೊತ್ತಿಗೆ ಬಾತ್‌ರೂಮಿನಲ್ಲಿ ಬಿದ್ದಿದ್ದಾರೆ. ಹೋದ ವಾರ ಬಿದ್ದಾಗ ಹಣೆ ಊದಿಕೊಂಡಿತ್ತು. ‘ನೆಲ ಒದ್ದೆ ಇತ್ತು, ಜಾರಿದೆ’ ಅನ್ನುತ್ತಾರೆ. ಬಿಪಿ ಮಾತ್ರೆ ತಗೊಳ್ಳುತ್ತಾರೆ. ಇದು ವಯಸ್ಸಿನ ತೊಂದರೆಯಾ, ಕುಡಿತದ್ದಾ? ಅಷ್ಟು ಹೊತ್ತಿಗೆ ಅಮಲು ಇಳಿದಿರುತ್ತೆ ಅಲ್ವಾ?

ಉತ್ತರ: ನೆಲ ಒದ್ದೆ ಇದ್ದದ್ದು ನಿಜವೇ ಇರಬಹುದು. ಆದರೆ ಬೆಳಿಗ್ಗೆ ಸ್ನಾನ ಮುಗಿಸಿ ಬರುವಾಗ ಅದೇ ನೆಲ ಇನ್ನೂ ಜಾಸ್ತಿ ಒದ್ದೆ ಇರುತ್ತದೆ. ಆಗ ಅವರು ಬಿದ್ದಿಲ್ಲ.

ರಾತ್ರಿ ಪಾಳಿಯಲ್ಲಿ ಕೂತ ನನಗೆ ಈ ಮಾತು ಹೊಸದಲ್ಲ. ಜಾರಿದೆ, ಚಪ್ಪಲಿ ತೊಡರಿತು, ಲೈಟ್ ಇರಲಿಲ್ಲ. ಗ್ಲಾಸಿನ ಸುದ್ದಿ ಬರುವುದು ನಾನು ಎರಡನೇ ಸಲ ಕೇಳಿದಾಗ, ಅದೂ ಮನೆಯವರ ಬಾಯಿಂದ.

ಮೊದಲು ಅಮಲು ಇಳಿಯುವ ಲೆಕ್ಕ ನೋಡೋಣ. 30 ಎಂಎಲ್ ವಿಸ್ಕಿಯಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ. ನಮ್ಮ ಲಿವರ್ ಗಂಟೆಗೆ ಹೆಚ್ಚುಕಡಿಮೆ ಅಷ್ಟನ್ನು ಕರಗಿಸುತ್ತದೆ, ಕೆಲವರಲ್ಲಿ ಅಷ್ಟೂ ಇಲ್ಲ. ಕಾಫಿ ಕುಡಿದರೂ, ತಣ್ಣೀರು ಹೊಯ್ದುಕೊಂಡರೂ ಈ ವೇಗ ಏರುವುದಿಲ್ಲ. ಇನ್ನು ಮನೆಯಲ್ಲಿ ಪೆಗ್ ಅಳೆಯುವುದು ಕಣ್ಣಂದಾಜಿನಲ್ಲಿ. ಒಂದು ಕೆಲಸ ಮಾಡಿ. ಅವರು ದಿನಾ ಬಳಸುವ ಗ್ಲಾಸಿಗೆ, ಅವರು ಸುರಿಯುವ ಮಟ್ಟದವರೆಗೆ ನೀರು ಹಾಕಿ, ಆ ನೀರನ್ನು ಅಳತೆ ಇರುವ ಲೋಟಕ್ಕೆ ಬಗ್ಗಿಸಿ ನೋಡಿ. 90 ಎಂಎಲ್ ಬಂದರೆ ನನಗೇನೂ ಆಶ್ಚರ್ಯವಿಲ್ಲ. ಅಂಥ ಎರಡು ಅಂದರೆ 180 ಎಂಎಲ್, 60 ಗ್ರಾಂ. ಎಂಟೂವರೆಗೆ ಶುರು ಮಾಡಿದರೂ ರಾತ್ರಿ ಎರಡಕ್ಕೆ ರಕ್ತದಲ್ಲಿ ಇನ್ನೂ ಉಳಿದಿರುತ್ತದೆ.

ಅದೇ ಹೊತ್ತಿಗೇ ಅವರು ಏಳುವುದು ಕೂಡ ಕಾಕತಾಳೀಯ ಅಲ್ಲ. ಮೂತ್ರ ಹೆಚ್ಚಾಗದಂತೆ ತಡೆಯುವ ಹಾರ್ಮೋನನ್ನು ಆಲ್ಕೋಹಾಲ್ ತಗ್ಗಿಸುತ್ತದೆ. ಮೂತ್ರಕೋಶ ತುಂಬಿ ಎಚ್ಚರವಾಗುತ್ತದೆ. ಅವಸರಕ್ಕೆ ತಟ್ಟನೆ ಎದ್ದು ನಿಲ್ಲುತ್ತಾರೆ. ಎದ್ದ ಕೂಡಲೇ ರಕ್ತ ಕಾಲಿನ ಕಡೆ ಇಳಿಯುತ್ತದೆ. ಆಗ ರಕ್ತನಾಳಗಳು ಬಿಗಿದುಕೊಂಡು ಬಿಪಿಯನ್ನು ಹಿಡಿದಿಡಬೇಕು. ಆಲ್ಕೋಹಾಲ್ ಆ ಬಿಗಿತವನ್ನು ಸಡಿಲ ಮಾಡುತ್ತದೆ, ಬಿಪಿ ಮಾತ್ರೆಯ ಪ್ರಭಾವವೂ ಅದಕ್ಕೆ ಸೇರುತ್ತದೆ. ನಾಲ್ಕು ಹೆಜ್ಜೆ ಹೇಗೋ ಹೋಗುತ್ತಾರೆ. ನಿಂತು ಮೂತ್ರ ಮಾಡುವಾಗ, ಮೂತ್ರಕೋಶ ಖಾಲಿಯಾಗುತ್ತಿದ್ದ ಹಾಗೆ ಬಿಪಿ ಇನ್ನಷ್ಟು ಕುಸಿಯಬಹುದು. ಕಣ್ಣು ಕತ್ತಲಿಡುತ್ತದೆ. ಇಷ್ಟಕ್ಕೆ ನೆಲ ಒದ್ದೆ ಇರಬೇಕೆಂದೇನಿಲ್ಲ.

ಹಣೆ ಊದಿತ್ತು ಅಂದಿರಿ. ಅಂಗೈ ತರಚಿತ್ತಾ? ಎಚ್ಚರದಲ್ಲಿರುವವರು ಬೀಳುವಾಗ ಕೈ ತಾನಾಗಿ ಮುಂದೆ ಬರುತ್ತದೆ, ಅಂಗೈ ತರಚುತ್ತದೆ, ಮಣಿಕಟ್ಟು ಉಳುಕುತ್ತದೆ. ಕುಡಿದಾಗ ಆ ಕೈ ತಡವಾಗಿ ಬರುತ್ತದೆ, ಅಷ್ಟರಲ್ಲಿ ತಲೆ ನೆಲ ಮುಟ್ಟಿರುತ್ತದೆ. ನಾನು ಇಂಥವರನ್ನು ನೋಡುವಾಗ ಮೊದಲು ಅಂಗೈ ತಿರುಗಿಸಿ ನೋಡುತ್ತೇನೆ.

ವಯಸ್ಸಿನದ್ದೂ ಪಾಲಿದೆ. ವಯಸ್ಸಾದ ಹಾಗೆ ಮೈಯಲ್ಲಿ ನೀರಿನ ಅಂಶ ಕಡಿಮೆಯಾಗುತ್ತದೆ, ಅದೇ ಗ್ಲಾಸು ರಕ್ತದಲ್ಲಿ ಜಾಸ್ತಿ ಗಟ್ಟಿಯಾಗುತ್ತದೆ. ನಲವತ್ತರ ಎರಡು ಪೆಗ್ಗೂ ಅರವತ್ಮೂರರ ಎರಡು ಪೆಗ್ಗೂ ಒಂದೇ ಅಲ್ಲ.

ಈಗ ಮುಖ್ಯವಾದದ್ದು, ಆ ಹಣೆಯ ಪೆಟ್ಟು. ವರ್ಷಗಟ್ಟಲೆ ಕುಡಿದವರಲ್ಲಿ, ವಯಸ್ಸಾದವರಲ್ಲಿ ಮೆದುಳು ಸ್ವಲ್ಪ ಕುಗ್ಗಿರುತ್ತದೆ. ಮೆದುಳಿನ ಮೇಲ್ಭಾಗದ ಸಣ್ಣ ರಕ್ತನಾಳಗಳು ಎಳೆದು ಕಟ್ಟಿದ ದಾರದ ಹಾಗಿರುತ್ತವೆ. ಸಣ್ಣ ಪೆಟ್ಟಿಗೂ ಹರಿದು ನಿಧಾನವಾಗಿ ರಕ್ತ ಸೋರಬಹುದು, ಗೊತ್ತಾಗುವುದು ಎರಡು ಮೂರು ವಾರ ಕಳೆದ ಮೇಲೆ. ಹಾಗಾಗಿ ಈ ವಾರವೇ ಡಾಕ್ಟರಿಗೆ ತೋರಿಸಿ. ತಲೆನೋವು ಬಿಡದೆ ಇದ್ದರೆ, ಹಗಲೂ ತೂಕಡಿಸಿದರೆ, ಮಾತು ಮರೆತರೆ, ಒಂದು ಕಾಲು ಎಳೆದು ನಡೆದರೆ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಸಿಟಿ ಸ್ಕ್ಯಾನ್ ಬೇಕಾಗಬಹುದು. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ ಲಕ್ಷಣ ಇಲ್ಲದಿದ್ದರೂ ಇವತ್ತೇ ಹೊರಡಿ.

ಮುಂದೆ ಯಾವತ್ತಾದರೂ ಕುಡಿದು ತಲೆಗೆ ಪೆಟ್ಟಾದರೆ ‘ಮಲಗಲಿ ಬಿಡಿ, ಬೆಳಿಗ್ಗೆ ಸರಿಹೋಗುತ್ತೆ’ ಅನ್ನಬೇಡಿ. ತೊದಲುವುದು, ವಾಂತಿ, ಮಂಪರು ಕುಡಿದರೂ ಬರುತ್ತವೆ, ಮೆದುಳಿನಲ್ಲಿ ರಕ್ತಸ್ರಾವವಾದರೂ ಬರುತ್ತವೆ. ಪಕ್ಕದಲ್ಲಿ ನಿಂತು ನೋಡಿದರೆ ನಮಗೂ ವ್ಯತ್ಯಾಸ ತಿಳಿಯುವುದಿಲ್ಲ, ಸ್ಕ್ಯಾನ್ ಮಾಡಿಯೇ ತಿಳಿಯಬೇಕು.

ಮನೆಯಲ್ಲಿ ಏನು ಮಾಡಬಹುದು? ಹಾಸಿಗೆಯಿಂದ ಬಾತ್‌ರೂಮಿನವರೆಗೆ ಸಣ್ಣ ಲೈಟ್ ಉರಿಯಲಿ. ಎದ್ದ ಮೇಲೆ ಒಂದು ನಿಮಿಷ ಮಂಚದ ಅಂಚಿನಲ್ಲಿ ಕೂತು ಆಮೇಲೆ ನಿಲ್ಲಲಿ. ರಾತ್ರಿ ಹೊತ್ತು ಕೂತೇ ಮೂತ್ರ ಮಾಡಲಿ. ಗಂಡಸರು ಇದನ್ನು ಅವಮಾನ ಅಂದುಕೊಳ್ಳುತ್ತಾರೆ, ಹಣೆಗೆ ಹೊಲಿಗೆ ಹಾಕಿಸಿಕೊಳ್ಳುವಾಗ ಯಾರೂ ಹಾಗೆ ಅನ್ನುವುದಿಲ್ಲ. ಬಾಗಿಲಿಗೆ ಒಳಗಿನಿಂದ ಚಿಲಕ ಬೇಡ. ನಿದ್ದೆ ಮಾತ್ರೆ, ಅಲರ್ಜಿ ಮಾತ್ರೆ, ಪ್ರಾಸ್ಟೇಟ್ ಮಾತ್ರೆ ಇದ್ದರೆ ಎಲ್ಲವನ್ನೂ ಡಾಕ್ಟರಿಗೆ ತೋರಿಸಿ, ಗ್ಲಾಸಿನ ನಿಜವಾದ ಅಳತೆಯನ್ನೂ ಹೇಳಿ. ಬಿಪಿ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ಆದರೆ ಲೈಟು, ಮ್ಯಾಟು ಇವೆಲ್ಲ ಅರ್ಧ ಕೆಲಸ. ಇನ್ನರ್ಧ ಇರುವುದು ಗ್ಲಾಸಿನಲ್ಲಿ. ಹಾಗಂತ ನಾಳೆಯೇ ಬಾಟಲಿ ಬಚ್ಚಿಡಬೇಡಿ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಕ, ಬೆವರು ಶುರುವಾಗಿ, ಮೊದಲ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಬೆಳಿಗ್ಗೆ ಅವರ ಕೈ ನಡುಗುತ್ತಿದೆಯಾ ಗಮನಿಸಿ. ನಡುಗುತ್ತಿದ್ದರೆ ಬಿಡಿಸುವ ಕೆಲಸ ಡಾಕ್ಟರ ಕಣ್ಣೆದುರೇ ಆಗಲಿ.

ಪ್ರಶ್ನೆ: ಕುಡಿದವರು ಬಿದ್ದರೆ ಮೈ ಸಡಿಲ ಇರುವುದರಿಂದ ಪೆಟ್ಟಾಗುವುದಿಲ್ಲ ಅನ್ನುತ್ತಾರೆ. ನಿಜವೇ?

ಉತ್ತರ: ಪೆಟ್ಟಾಗುತ್ತದೆ, ಗೊತ್ತಾಗುವುದಿಲ್ಲ ಅಷ್ಟೇ. ಆಲ್ಕೋಹಾಲ್ ನೋವನ್ನು ಮಂಕು ಮಾಡುತ್ತದೆ. ಮುರಿದ ಮಣಿಕಟ್ಟಿನಲ್ಲೇ ರಾತ್ರಿಯೆಲ್ಲ ಮಲಗಿ ಬೆಳಿಗ್ಗೆ ಬರುವವರಿದ್ದಾರೆ. ಅಡುಗೆಮನೆಯಲ್ಲೂ ಇದೇ ಕಥೆ: ಬಿಸಿ ಪಾತ್ರೆ ಮುಟ್ಟಿದ ಕೈ ತಡವಾಗಿ ಹಿಂದೆ ಬರುತ್ತದೆ, ಸುಟ್ಟ ಗಾಯ ಆಳವಾಗುತ್ತದೆ. ಉರಿ ಇಲ್ಲ ಅಂತ ಬಿಡದೆ ಕೂಡಲೇ ನಲ್ಲಿ ನೀರಿನ ಕೆಳಗೆ 20 ನಿಮಿಷ ಕೈ ಹಿಡಿಸಿ. ಹಿಡಿದುಕೊಂಡು ನಿಲ್ಲುವವರು ಮಾತ್ರ ಕುಡಿಯದೇ ಇದ್ದವರಾಗಿರಲಿ.